ಹುಡುಗಾಟವೆಂಬ ಹೆಸರಿನಲ್ಲಿ

ಕ್ರಿ.ಶ. 1982ರ ಕೊನೆಯಲ್ಲಿ, ಯುರೋಪಿನ ಉತ್ತರ ತುದಿಯ ನಾರ್ವೆ ದೇಶದ ವೃತ್ತಪತ್ರಿಕೆಯೊಂದರಲ್ಲಿ ಒಂದು ವರದಿ ಪ್ರಕಟವಾಯಿತು. ಆ ದೇಶದ ಉತ್ತರ ಭಾಗದಲ್ಲಿ 10ರಿಂದ 14 ವರ್ಷದೊಳಗಿನ ಮೂವರು ಬಾಲಕರು ತಮ್ಮ ಪ್ರಾಣವನ್ನು ತಾವೇ ಕಳೆದುಕೊಂಡಿದ್ದರು. ಸಹಪಾಠಿಗಳು ನೀಡುತ್ತಿದ್ದ ತೀವ್ರ ಕಿರುಕುಳವೇ ಇದಕ್ಕೆ ಕಾರಣವೆಂದು ಬಹುಮಟ್ಟಿಗೆ ತಿಳಿದುಬಂದಿತ್ತು. ನಾರ್ವೆಯಂತಹ ಶಾಂತ, ಸಂಪನ್ನ ದೇಶಕ್ಕೆ ಇದು ದೊಡ್ಡ ಆಘಾತವಾಯಿತು. ತಂದೆತಾಯಿಗಳು ಶಾಲೆಗಳನ್ನು ಪ್ರಶ್ನಿಸಿದರು. ಶಾಲೆಗಳು ಸರ್ಕಾರದ ಕಡೆಗೆ ನೋಡಿದವು. 1983ರ ಶರತ್ಕಾಲದಲ್ಲಿ ಅಲ್ಲಿಯ ಶಿಕ್ಷಣ ಸಚಿವಾಲಯವು 1ರಿಂದ 9ನೆಯ ತರಗತಿಯವರೆಗಿನ ಎಲ್ಲ ಶಾಲೆಗಳಲ್ಲಿ ಮಕ್ಕಳ ಪೀಡನೆಯ ವಿರುದ್ಧ ರಾಷ್ಟ್ರವ್ಯಾಪಿ ಆಂದೋಲನವನ್ನು ಕೈಗೊಂಡಿತು. ಮಕ್ಕಳು ಮಕ್ಕಳಿಗೆ ಕೊಡುವ ಹಿಂಸೆಯನ್ನು ಒಂದು ಸರ್ಕಾರವು ಇಡೀ ದೇಶದ ಮಟ್ಟದಲ್ಲಿ ಕೈಗೆತ್ತಿಕೊಂಡ ಮೊದಲ ಸಂದರ್ಭಗಳಲ್ಲಿ ಇದೂ ಒಂದು.

ಹಾಗೆಂದು ಆ ಹಿಂಸೆ ಅಂದು ಹೊಸದಾಗಿ ಹುಟ್ಟಿದ್ದಲ್ಲ. ಇಂಗ್ಲೆಂಡಿನ ಥಾಮಸ್ ಹ್ಯೂಸ್ 1857ರಲ್ಲಿ ಪ್ರಕಟಿಸಿದ, ರಗ್ಬಿ ಶಾಲೆಯ ಜೀವನವನ್ನು ಚಿತ್ರಿಸುವ 'ಟಾಮ್ ಬ್ರೌನ್ಸ್ ಸ್ಕೂಲ್ ಡೇಸ್' ಕಾದಂಬರಿಯಲ್ಲಿ ಹಿರಿಯ ವಿದ್ಯಾರ್ಥಿಗಳು ಕಿರಿಯರನ್ನು ಗೋಳುಹೊಯ್ದುಕೊಳ್ಳುವ ಪ್ರಸಂಗಗಳು ಯಥೇಚ್ಛವಾಗಿವೆ. 1897ರಲ್ಲಿ ಅಮೆರಿಕದ ಫ್ರೆಡರಿಕ್ ಬರ್ಕ್ ಎಂಬ ವಿದ್ವಾಂಸನು ಚುಡಾಯಿಸುವಿಕೆ ಮತ್ತು ಪೀಡನೆಗಳ ಬಗ್ಗೆ ಒಂದು ಸುದೀರ್ಘ ಪ್ರಬಂಧವನ್ನೇ ಬರೆದನು. ಆದರೂ ಅನಂತರದ ಸುಮಾರು 70 ವರ್ಷಗಳ ಕಾಲ ವಿದ್ವತ್ಪ್ರಪಂಚವು ಈ ವಿಷಯವನ್ನು ಹೆಚ್ಚುಕಡಿಮೆ ಮರೆತೇಬಿಟ್ಟಿತ್ತು. ಕಾರಣವನ್ನು ಬಹಳ ದೂರ ಹುಡುಕಬೇಕಾಗಿಲ್ಲ. ಹುಡುಗರೆಂದರೆ ಹಾಗೆಯೇ, ದೊಡ್ಡವರಾದ ಮೇಲೆ ಎಲ್ಲ ಸರಿಹೋಗುತ್ತದೆ ಎಂಬ ಮಾತಿನಲ್ಲಿ ಪಂಡಿತರಿಗೂ ಪಾಮರರಿಗೂ ಸಮಾನವಾದ ನಂಬಿಕೆಯಿತ್ತು. ನಮ್ಮಲ್ಲಿಯೂ ಅದೇ. ಅಳುತ್ತ ಮನೆಗೆ ಬಂದ ಮಗುವಿಗೆ ನಮ್ಮ ಹಿರಿಯರು ಕೊಡುವ ಮೊದಲ ಉತ್ತರ 'ಹುಡುಗಾಟ ಕಣೋ' ಎಂಬುದು. ಎರಡನೆಯದು 'ನೀನೇನು ಮಾಡಿದೆ?' ಎಂಬುದು.

ಈ ಮೌನವನ್ನು ಮುರಿದವನು ಸ್ವೀಡನ್ನಿನ ವೈದ್ಯ ಪೀಟರ್-ಪೌಲ್ ಹೈನೆಮನ್. ಆತನು 1969ರಲ್ಲಿ ಬರೆದ ಲೇಖನವೊಂದರಲ್ಲಿ, ಶಾಲೆಯ ಅಂಗಳದಲ್ಲಿ ಮಕ್ಕಳ ಗುಂಪೊಂದು ಒಂಟಿ ಮಗುವಿನ ಮೇಲೆ ಬೀಳುವುದನ್ನು ವರ್ಣಿಸಿ, ಅದಕ್ಕೆ 'ಮೊಬ್ನಿಂಗ್' ಎಂಬ ಪದವನ್ನು ಬಳಸಿದನು. ಈ ಪದದ ಮೂಲ ಪ್ರಾಣಿಶಾಸ್ತ್ರದಲ್ಲಿದೆ. ಸಣ್ಣ ಹಕ್ಕಿಗಳು ಹಿಂಡುಗಟ್ಟಿಕೊಂಡು ಗಿಡುಗನನ್ನೋ ಗೂಬೆಯನ್ನೋ ಅಟ್ಟಿಸಿಕೊಂಡು ಹೋಗುವುದಕ್ಕೆ ಆಸ್ಟ್ರಿಯದ ವಿಜ್ಞಾನಿ ಕೊನ್ರಾಡ್ ಲೊರೆಂಜ್ ಬಳಸಿದ್ದ ಮಾತಿನಿಂದ ಅದು ಬಂದಿತು. ಹೈನೆಮನ್ನನ ಲೇಖನ ಮತ್ತು 1972ರಲ್ಲಿ ಹೊರಬಂದ ಆತನ ಪುಸ್ತಕದ ಬಳಿಕ ಸ್ಕ್ಯಾಂಡಿನೇವಿಯದ ಮನೆಮನೆಯಲ್ಲಿಯೂ ಈ ಶಬ್ದ ಬಳಕೆಗೆ ಬಂದಿತು. ಹೆಸರಿಲ್ಲದ ನೋವಿಗೆ ಒಂದು ಹೆಸರನ್ನು ಕೊಟ್ಟ ಉಪಕಾರ ಆತನದು. ಆದರೆ ಆ ಹೆಸರಿನೊಂದಿಗೆ ಒಂದು ತಪ್ಪುಕಲ್ಪನೆಯೂ ಒಳಗೆ ಬಂದಿತು. ಇದು ಗುಂಪಿನ ಕ್ಷಣಿಕ ಉನ್ಮಾದ, ಥಟ್ಟನೆ ಭುಗಿಲೇಳುತ್ತದೆ, ಅಷ್ಟೇ ಬೇಗ ಆರಿಹೋಗುತ್ತದೆ ಎಂಬ ಭಾವನೆ ಅದು.

ಈ ಭಾವನೆಯನ್ನು ಪ್ರಶ್ನಿಸಿದವನು ದಾನ್ ಓಲ್ವೇಯುಸ್. 1931ರಲ್ಲಿ ಸ್ವೀಡನ್ನಿನಲ್ಲಿ ಜನಿಸಿ, ಬಳಿಕ ನಾರ್ವೆಯ ಬೆರ್ಗೆನ್ ನಗರದ ವಿಶ್ವವಿದ್ಯಾಲಯದಲ್ಲಿ ನೆಲೆಸಿ, 2020ರಲ್ಲಿ ನಿಧನನಾದ ಈ ಮನಃಶಾಸ್ತ್ರಜ್ಞನು ಸುಮಾರು 50 ವರ್ಷಗಳನ್ನು ಇದೊಂದೇ ವಿಷಯಕ್ಕೆ ಮೀಸಲಿಟ್ಟನು. 1970ರ ದಶಕದ ಆರಂಭದಲ್ಲಿ ಸ್ಟಾಕ್‌ಹೋಮ್ ಪ್ರದೇಶದ ನೂರಾರು ಬಾಲಕರನ್ನು ಅಧ್ಯಯನಕ್ಕೆ ಆರಿಸಿಕೊಂಡು, ಶಿಕ್ಷಕರ ಮತ್ತು ಸಹಪಾಠಿಗಳ ಅಭಿಪ್ರಾಯಗಳನ್ನು ವರ್ಷಾನುಗಟ್ಟಲೆ ಸಂಗ್ರಹಿಸಿದನು. 1973ರಲ್ಲಿ ಪ್ರಕಟವಾದ ಆತನ ಸ್ವೀಡಿಷ್ ಗ್ರಂಥದ ಹೆಸರಿನಲ್ಲಿಯೇ, ಕೋಳಿಯ ಹಿಂಡಿನಲ್ಲಿ ಎಲ್ಲರಿಂದಲೂ ಕುಕ್ಕಿಸಿಕೊಳ್ಳುವ ಬಡಪಾಯಿ ಕೋಳಿಮರಿಯ ಉಲ್ಲೇಖವಿದೆ. ಆತನು ಕಂಡುಕೊಂಡ ಮುಖ್ಯ ಸಂಗತಿಯೆಂದರೆ, ಈ ಪೀಡನೆ ಕ್ಷಣಿಕವಲ್ಲ ಎಂಬುದು. 6ನೆಯ ತರಗತಿಯಲ್ಲಿ ಪೀಡಿತನಾಗಿದ್ದ ಹುಡುಗನು, ಯಾರೂ ನಡುವೆ ಬಾರದಿದ್ದರೆ, 9ನೆಯ ತರಗತಿಯಲ್ಲಿಯೂ ಸಾಮಾನ್ಯವಾಗಿ ಪೀಡಿತನೇ ಆಗಿರುತ್ತಿದ್ದನು. ಪೀಡಿಸುವವನೂ ಅವನೇ ಆಗಿರುತ್ತಿದ್ದನು. ಹಲವು ಸಂದರ್ಭಗಳಲ್ಲಿ ಗುಂಪು ಎಂಬುದೇ ಇರಲಿಲ್ಲ. ಒಬ್ಬನೋ ಇಬ್ಬರು ಮೂವರೋ ಇರುತ್ತಿದ್ದರು. ಹಕ್ಕಿಗಳ ಹಿಂಡಿನ ಹೋಲಿಕೆ ಇಲ್ಲಿಗೆ ಕುಸಿದುಬಿದ್ದಿತು.

ಆದುದರಿಂದ ಓಲ್ವೇಯುಸ್ ಪೀಡನೆಗೆ ಮೂರು ಲಕ್ಷಣಗಳನ್ನು ಹೇಳಿದನು: ನೋಯಿಸಬೇಕೆಂಬ ಉದ್ದೇಶ, ಮತ್ತೆ ಮತ್ತೆ ನಡೆಯುವಿಕೆ, ಮತ್ತು ಬಲದ ಅಸಮಾನತೆ. ಸಮಬಲರಾದ ಇಬ್ಬರು ಹುಡುಗರ ಜಗಳ ಪೀಡನೆಯಲ್ಲ. ಈ ಮೂರನೆಯ ಲಕ್ಷಣವನ್ನು ಗಮನಿಸದೆಯೇ ಅನೇಕ ಸಜ್ಜನ ಉಪಾಧ್ಯಾಯರು ಇಬ್ಬರನ್ನೂ ಎದುರುಬದುರು ನಿಲ್ಲಿಸಿ, ಇಬ್ಬರಿಗೂ ಬುದ್ಧಿ ಹೇಳಿ, ಕೈಕುಲುಕಿಸಿ ಕಳುಹಿಸುತ್ತಾರೆ. ಬಲವಿದ್ದವನು ನಗುತ್ತ ಕೈ ನೀಡುತ್ತಾನೆ. ಸಂಜೆ ಆ ದೂರಿನ ಬಾಕಿಯನ್ನು ತೀರಿಸಿಕೊಳ್ಳುತ್ತಾನೆ. ಕ್ಷಮಾವಾಣಿಯನ್ನು ಆಚರಿಸುವ ಮನೆಗಳಲ್ಲಿ ಈ ಎಚ್ಚರ ಇನ್ನಷ್ಟು ಅಗತ್ಯ. ಏಟು ತಿನ್ನುತ್ತಲೇ ಇರುವ ಮಗುವಿಗೆ 'ಕ್ಷಮಿಸಿಬಿಡು' ಎಂದು ಹೇಳುವುದು ಹಿರಿಯರಿಗೆ ಸುಲಭವಾದ ದಾರಿಯಾದರೂ, ಅದನ್ನು ಕ್ಷಮಾಧರ್ಮವೆನ್ನಲಾಗದು. ಏಟು ನಿಂತ ಮೇಲೆ, ತನಗೆ ರಕ್ಷಣೆಯಿದೆಯೆಂದು ಮಗುವಿಗೆ ಮನವರಿಕೆಯಾದ ಮೇಲೆ ಹುಟ್ಟುವ ಕ್ಷಮೆಯ ಮಾತು ಬೇರೆ.

ಜನರು ನಿರ್ವಿವಾದವೆಂದು ಭಾವಿಸಿದ್ದ ಇನ್ನೂ ಹಲವು ಮಾತುಗಳನ್ನು ಓಲ್ವೇಯುಸ್ ಒಂದೊಂದಾಗಿ ಪರೀಕ್ಷೆಗೆ ಒಡ್ಡಿದನು. ಕನ್ನಡಕ ಹಾಕುವವರು, ಕೆಂಗೂದಲಿನವರು, ದಪ್ಪಗಿರುವವರು, ಬೇರೆ ಉಚ್ಚಾರಣೆಯಲ್ಲಿ ಮಾತನಾಡುವವರು ಪೀಡನೆಗೆ ಗುರಿಯಾಗುತ್ತಾರೆ ಎಂಬುದು ಒಂದು. ಪೀಡಿತ ಬಾಲಕರನ್ನು ಇತರರೊಡನೆ ಹೋಲಿಸಿ ನೋಡಿದಾಗ, ದೈಹಿಕ ಬಲ ಕಡಿಮೆ ಎಂಬುದೊಂದನ್ನು ಬಿಟ್ಟರೆ ಹೊರನೋಟದಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಕಂಡುಬರಲಿಲ್ಲ. ಹುಡುಕಹೊರಟರೆ ಪ್ರತಿಯೊಂದು ಮಗುವಿನಲ್ಲಿಯೂ ಏನಾದರೊಂದು ವಿಶೇಷ ಲಕ್ಷಣ ಸಿಕ್ಕೇ ಸಿಗುತ್ತದೆ. ಪೀಡಕನಿಗೆ ಅದು ಕಾರಣವಲ್ಲ, ನೆಪ. ಆದರೆ ಈ ತೀರ್ಮಾನಕ್ಕೆ ಮುಂದಿನ ಕಾಲದ ಸಂಶೋಧನೆ ಒಂದು ತಿದ್ದುಪಡಿ ತಂದಿದೆಯೆಂಬುದನ್ನೂ ಹೇಳಬೇಕು. ಅಂಗವೈಕಲ್ಯವುಳ್ಳ ಮಕ್ಕಳು ಮತ್ತು ಅತಿಯಾದ ದೇಹತೂಕವುಳ್ಳ ಮಕ್ಕಳು ಇತರರಿಗಿಂತ ಹೆಚ್ಚಾಗಿ ಪೀಡನೆಗೆ ಒಳಗಾಗುತ್ತಾರೆಂದು ಅನೇಕ ದೇಶಗಳ ಅಧ್ಯಯನಗಳು ತೋರಿಸಿವೆ.

ದೊಡ್ಡ ಊರು, ದೊಡ್ಡ ಶಾಲೆ, ಕಿಕ್ಕಿರಿದ ತರಗತಿ, ಇವೇ ಪೀಡನೆಯ ತವರು ಎಂಬುದು ಇನ್ನೊಂದು ನಂಬಿಕೆ. 1983ರ ಆಂದೋಲನದ ಅಂಗವಾಗಿ ನಾರ್ವೆಯ ಶಾಲೆಗಳಲ್ಲಿ ಹೆಸರು ಬರೆಯದೆ ಉತ್ತರಿಸುವ ಪ್ರಶ್ನಾವಳಿಯನ್ನು ಹಂಚಲಾಯಿತು. ಸುಮಾರು 1,30,000 ಮಕ್ಕಳ ಉತ್ತರಗಳನ್ನು ಪರಿಶೀಲಿಸಿದಾಗ ಶೇ. 9ರಷ್ಟು ಮಕ್ಕಳು ಪೀಡಿತರು, ಶೇ. 7ರಷ್ಟು ಮಕ್ಕಳು ಪೀಡಕರು, ಸ್ವಲ್ಪ ಮಂದಿ ಎರಡೂ ಆಗಿದ್ದವರು ಎಂಬುದು ಗೊತ್ತಾಯಿತು. ಓಸ್ಲೋ, ಬೆರ್ಗೆನ್, ಟ್ರೋಂಡ್‌ಹೈಮ್‌ನಂತಹ ನಗರಗಳ ಪ್ರಮಾಣ ಉಳಿದ ಭಾಗಗಳಷ್ಟೇ ಅಥವಾ ಅವುಗಳಿಗಿಂತ ತುಸು ಕಡಿಮೆಯೇ ಇತ್ತು. ತರಗತಿಯಲ್ಲಿ ಎಷ್ಟು ಮಕ್ಕಳಿದ್ದಾರೆಂಬುದಕ್ಕೂ ಪೀಡನೆಯ ಪ್ರಮಾಣಕ್ಕೂ ಸಂಬಂಧ ಕಾಣಲಿಲ್ಲ. 'ನಮ್ಮದು ಚಿಕ್ಕ ಸಂಸ್ಥೆ, ಎಲ್ಲರೂ ಒಂದೇ ಮನೆಯವರಂತೆ, ಇಲ್ಲಿ ಅಂಥದ್ದೇನೂ ಇಲ್ಲ' ಎಂದು ಹೇಳುವ ವಿದ್ಯಾರ್ಥಿನಿಲಯಗಳ ಆಡಳಿತ ಮಂಡಳಿಗಳು ಈ ಫಲಿತಾಂಶವನ್ನು ಎರಡು ಸಲ ಓದಿಕೊಳ್ಳುವುದು ಒಳಿತು. ಪೀಡನೆ ಶಾಲೆಯ ದಾರಿಯಲ್ಲಿ ನಡೆಯುತ್ತದೆಯೇ ಹೊರತು ಶಾಲೆಯೊಳಗಲ್ಲ ಎಂಬ ಮಾತೂ ನಿಲ್ಲಲಿಲ್ಲ. ದಾರಿಯಲ್ಲಿ ಪೀಡಿತರಾದವರಿಗಿಂತ ಶಾಲೆಯ ಆವರಣದಲ್ಲಿಯೇ ಪೀಡಿತರಾದವರು ಎರಡು ಮೂರು ಪಟ್ಟು ಹೆಚ್ಚಾಗಿದ್ದರು.

ಪೀಡಕನ ಬಗ್ಗೆ ಇರುವ ಕಲ್ಪನೆಯು ಎಲ್ಲಕ್ಕಿಂತ ಗಟ್ಟಿಯಾದುದು. ಹೊರಗೆ ಒರಟನಾದರೂ ಒಳಗೆ ಅವನು ಅಂಜುಕುಳಿ; ಕೀಳರಿಮೆಯನ್ನು ಮುಚ್ಚಿಕೊಳ್ಳಲು ಹಾಗೆ ಆಡುತ್ತಾನೆ ಎಂದು ಸುಶಿಕ್ಷಿತರೇ ಹೆಚ್ಚಾಗಿ ಹೇಳುತ್ತಾರೆ. ಓಲ್ವೇಯುಸ್ ಇದನ್ನು ಪರೀಕ್ಷಿಸಲು ಬರಿಯ ಪ್ರಶ್ನೆಗಳನ್ನು ನೆಚ್ಚಲಿಲ್ಲ. ಮನಸ್ಸಿನ ಒಳಪದರವನ್ನು ಪರೋಕ್ಷವಾಗಿ ತಿಳಿಯುವ ವಿಧಾನಗಳನ್ನೂ, ಆತಂಕದ ವೇಳೆ ಶರೀರದಲ್ಲಿ ಹೆಚ್ಚುವ ಹಾರ್ಮೋನುಗಳ ಅಳತೆಯನ್ನೂ ಬಳಸಿದನು. ಪೀಡಕ ಬಾಲಕರಲ್ಲಿ ಆತಂಕವು ಸಾಮಾನ್ಯ ಮಟ್ಟದಲ್ಲಿ ಅಥವಾ ಅದಕ್ಕಿಂತ ಕಡಿಮೆಯೇ ಇತ್ತು, ಆತ್ಮಗೌರವಕ್ಕೂ ಕೊರತೆಯಿರಲಿಲ್ಲ. 1999ರಲ್ಲಿ ಇಂಗ್ಲೆಂಡಿನ ಜಾನ್ ಸಟನ್, ಪೀಟರ್ ಸ್ಮಿತ್ ಮೊದಲಾದವರು ಇನ್ನೊಂದು ಹೆಜ್ಜೆ ಮುಂದಿಟ್ಟು, ಗುಂಪಿನ ನಾಯಕನಾಗಿ ಪೀಡಿಸುವ ಮಗುವು ಇತರರ ಮನಸ್ಸನ್ನು ಓದುವುದರಲ್ಲಿ ಮಂದನಲ್ಲ, ಬದಲಾಗಿ ಚತುರನೇ ಎಂದು ತೋರಿಸಿದರು. ಯಾವ ಮಾತು ಎಲ್ಲಿ ನಾಟುತ್ತದೆಂಬುದು ಅವನಿಗೆ ಚೆನ್ನಾಗಿ ಗೊತ್ತು. ಕೊರತೆಯಿರುವುದು ಬುದ್ಧಿಯಲ್ಲಲ್ಲ, ಕರುಣೆಯಲ್ಲಿ.

ಹೆಣ್ಣುಮಕ್ಕಳಲ್ಲಿ ಇದೆಲ್ಲ ಇಲ್ಲವೆಂಬ ನಂಬಿಕೆಯೂ ಬಹುಕಾಲ ಇತ್ತು. ಮೊದಲ ಸಂಶೋಧನೆಗಳು ಬಾಲಕರ ಮೇಲೆಯೇ ನಡೆದುದು ಅದಕ್ಕೆ ಪುಷ್ಟಿ ಕೊಟ್ಟಿತು. 1988ರಿಂದೀಚೆಗೆ ಫಿನ್ಲೆಂಡಿನ ಕಿರ್ಸ್ಟಿ ಲಾಗರ್‌ಸ್ಪೆಟ್ಜ್ ಮತ್ತು ಸಂಗಡಿಗರು, ಮಾತು ಬಿಡಿಸುವುದು, ಗುಂಪಿನಿಂದ ಹೊರಗಿಡುವುದು, ಇಲ್ಲದ ಸುದ್ದಿ ಹಬ್ಬಿಸುವುದು ಮೊದಲಾದ ಕೈ ಎತ್ತದ ಹಿಂಸೆಯನ್ನು ಲೆಕ್ಕಕ್ಕೆ ತೆಗೆದುಕೊಂಡಾಗ ಚಿತ್ರ ಬದಲಾಯಿತು. ಹಿಂಸೆಯು ಮನೋವಾಕ್ಕಾಯಗಳೆಂಬ ಮೂರು ದಾರಿಗಳಿಂದಲೂ ಆಗುತ್ತದೆಂದು ಬಾಲ್ಯದಿಂದ ಕೇಳಿಬಂದವರಿಗೆ ಇದು ಆಶ್ಚರ್ಯದ ಸಂಗತಿಯಾಗಲಾರದು.

ನೋಡುತ್ತ ನಿಂತವರ ಪ್ರಶ್ನೆಗೆ ಬಂದರೆ ಜಪಾನಿನ ಒಂದು ಪ್ರಸಂಗವನ್ನು ನೆನೆಯದೆ ಗತ್ಯಂತರವಿಲ್ಲ. 1985ರ ನವೆಂಬರಿನಲ್ಲಿ ಟೋಕಿಯೋ ನಗರದ ಮಾಧ್ಯಮಿಕ ಶಾಲೆಯೊಂದರಲ್ಲಿ, ಬಹುದಿನಗಳಿಂದ ಪೀಡನೆಗೆ ಒಳಗಾಗಿದ್ದ ಒಬ್ಬ ಬಾಲಕನ ಅಣಕು ಶವಸಂಸ್ಕಾರವನ್ನು ಸಹಪಾಠಿಗಳು ತರಗತಿಯಲ್ಲಿಯೇ ನಡೆಸಿದರು. ಅವನ ಮೇಜಿನ ಮೇಲೆ ಹೂವುಗಳನ್ನಿಟ್ಟು, ಸತ್ತವನಿಗೆ ಬರೆಯುವಂತೆ ವಿದಾಯದ ಮಾತುಗಳನ್ನು ಕಾಗದದಲ್ಲಿ ಬರೆದು ಸಹಿ ಮಾಡಿದರು. ತರಗತಿಯ ಮುಖ್ಯ ಶಿಕ್ಷಕರೂ ಸೇರಿ ನಾಲ್ವರು ಅಧ್ಯಾಪಕರು ಆ ಕಾಗದಕ್ಕೆ ಸಹಿ ಹಾಕಿದ್ದರು. ತಮಾಷೆಯೆಂದು ತಿಳಿದು ಹಾಕಿದುದಾಗಿ ಹೇಳಲಾಯಿತು. 1986ರ ಫೆಬ್ರವರಿಯಲ್ಲಿ ಆ 13 ವರ್ಷದ ಬಾಲಕನು ಆತ್ಮಹತ್ಯೆ ಮಾಡಿಕೊಂಡನು. ಪೀಡಕರ ಹೆಸರುಗಳನ್ನು ಅವನು ಬರೆದಿಟ್ಟಿದ್ದನು. ಜಪಾನೀ ಭಾಷೆಯ 'ಇಜಿಮೆ' ಎಂಬ ಮಾತು ಪ್ರಪಂಚದ ಗಮನಕ್ಕೆ ಬಂದುದು ಇಂತಹ ಘಟನೆಗಳಿಂದಲೇ. ಅದೇ ವರ್ಷ ಮೊರಿತಾ ಯೋಜಿ ಎಂಬ ಸಮಾಜಶಾಸ್ತ್ರಜ್ಞನು, ಪೀಡನೆಯಲ್ಲಿ ಪೀಡಿತ, ಪೀಡಕ, ನಕ್ಕು ಹುರಿದುಂಬಿಸುವ ಪ್ರೇಕ್ಷಕ, ಕಂಡೂ ಕಾಣದಂತಿರುವ ತಟಸ್ಥ ಎಂದು ನಾಲ್ಕು ಪದರಗಳಿವೆಯೆಂದು ವಿವರಿಸಿದನು. ಪೀಡನೆಯ ತಡೆಗೆ ಆ ದೇಶದಲ್ಲಿ ಪ್ರತ್ಯೇಕ ಕಾನೂನು ಬರಲು 2013ರವರೆಗೆ ಕಾಯಬೇಕಾಯಿತು.

ಫಿನ್ಲೆಂಡಿನ ಕ್ರಿಸ್ಟಿನಾ ಸಾಲ್ಮಿವಾಲಿ 1996ರಲ್ಲಿ 6ನೆಯ ತರಗತಿಯ 573 ಮಕ್ಕಳನ್ನು ಕುರಿತು ಪ್ರಕಟಿಸಿದ ಅಧ್ಯಯನವು ಈ ಪದರಗಳಿಗೆ ಅಂಕೆಗಳನ್ನು ಒದಗಿಸಿತು. ಮುಂದಾಳುವಾಗಿ ಪೀಡಿಸುವವರು ಶೇ. 8ರಷ್ಟು ಮಾತ್ರ. ಅವರಿಗೆ ಕೈಜೋಡಿಸುವವರು ಶೇ. 7, ನಕ್ಕು, ಕೂಗಿ, ಸುತ್ತ ನೆರೆದು ಉತ್ತೇಜನ ಕೊಡುವವರು ಸುಮಾರು ಶೇ. 20, ದೂರ ಸರಿದು ಸುಮ್ಮನಿರುವವರು ಶೇ. 24; ಪೀಡಿತನ ಪಕ್ಷ ವಹಿಸುವವರು ಶೇ. 17. ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯವನ್ನು ಬಲ್ಲವರಿಗೆ ಇಲ್ಲಿ ಒಂದು ಪರಿಚಿತ ಲೆಕ್ಕ ನೆನಪಾಗುತ್ತದೆ. ಸಂರಂಭ, ಸಮಾರಂಭ, ಆರಂಭ. ಮನ, ವಚನ, ಕಾಯ. ಕೃತ, ಕಾರಿತ, ಅನುಮತ. ನಾಲ್ಕು ಕಷಾಯಗಳು, ಇವುಗಳ ಗುಣಾಕಾರದಿಂದ 108 ಭೇದಗಳು. ಮಾಡಿದವನು, ಮಾಡಿಸಿದವನು, ಒಪ್ಪಿ ನಿಂತವನು ಎಂದು ಮೂವರನ್ನೂ ಅಲ್ಲಿ ಕರ್ಮದ ಪಾಲುದಾರರೆಂದೇ ಎಣಿಸಲಾಗಿದೆ. ಪಾಠಶಾಲೆಗಳಲ್ಲಿ ಮಕ್ಕಳು ಈ 108ರ ಲೆಕ್ಕವನ್ನು ಬಾಯಿಪಾಠ ಒಪ್ಪಿಸುತ್ತಾರೆ. ಅದೇ ಪಾಠಶಾಲೆಯ ಜಗುಲಿಯಲ್ಲಿ ತೊದಲು ಮಾತಿನ ಹುಡುಗನೊಬ್ಬನನ್ನು ಅಣಕಿಸುವಾಗ ನಕ್ಕವರು ಯಾವ ಲೆಕ್ಕಕ್ಕೆ ಸೇರುತ್ತಾರೆಂದು ಕೇಳಿದರೆ ಉತ್ತರ ಅಷ್ಟು ಬೇಗ ಬರುವುದಿಲ್ಲ.

ತಡೆದರೂ ಪ್ರಯೋಜನವಿಲ್ಲ, ತಡೆದವನೇ ಮುಂದಿನ ಗುರಿಯಾಗುತ್ತಾನೆ ಎಂಬ ಭಯ ಮಕ್ಕಳಲ್ಲಿದೆ. ಅದು ಪೂರ್ಣ ನಿರಾಧಾರವೆನ್ನುವಂತಿಲ್ಲ. ಆದರೂ ಕೆನಡದ ಡೆಬ್ರಾ ಪೆಪ್ಲರ್ ಮತ್ತು ವೆಂಡಿ ಕ್ರೇಗ್ ಅವರ ತಂಡವು ಟೊರಾಂಟೋ ನಗರದ ಶಾಲೆಗಳ ಆಟದ ಬಯಲಿನಲ್ಲಿ ದೂರದ ಕ್ಯಾಮೆರಾ ಮತ್ತು ಮಕ್ಕಳ ಉಡುಪಿಗೆ ಸಿಕ್ಕಿಸಿದ ಮೈಕುಗಳ ನೆರವಿನಿಂದ ನಡೆಸಿದ ವೀಕ್ಷಣೆ ಬೇರೆಯದನ್ನೇ ಹೇಳುತ್ತದೆ. 2001ರಲ್ಲಿ ಪ್ರಕಟವಾದ ಈ ವರದಿಯ ಪ್ರಕಾರ, ಇತರ ಮಕ್ಕಳು ಬಹುತೇಕ ಎಲ್ಲ ಪ್ರಸಂಗಗಳಲ್ಲಿಯೂ ಹಾಜರಿದ್ದರು. ನಡುವೆ ಬಂದುದು ಶೇ. 19ರಷ್ಟು ಪ್ರಸಂಗಗಳಲ್ಲಿ ಮಾತ್ರ. ಆದರೆ ಹಾಗೆ ಬಂದಾಗ ಅರ್ಧಕ್ಕಿಂತ ಹೆಚ್ಚು ಸಲ, ಅಂದರೆ ಶೇ. 57ರಷ್ಟು ಸಲ, ಪೀಡನೆ 10 ಸೆಕೆಂಡುಗಳೊಳಗೆ ನಿಂತುಹೋಯಿತು.

ಇನ್ನು ಹಿರಿಯರು ಏನು ಮಾಡಬಹುದೆಂಬ ವಿಷಯದಲ್ಲಿ ನಾರ್ವೆಯ ಇತಿಹಾಸ ಎರಡು ಭಿನ್ನ ಪಾಠಗಳನ್ನು ಒದಗಿಸುತ್ತದೆ. ಬೆರ್ಗೆನ್ ನಗರದ 42 ಶಾಲೆಗಳ ಸುಮಾರು 2,500 ಮಕ್ಕಳನ್ನು ಓಲ್ವೇಯುಸ್ 1983ರಿಂದ 1985ರವರೆಗೆ ಅನುಸರಿಸಿದನು. ಅಲ್ಲಿ ಕೈಗೊಂಡ ಕ್ರಮಗಳಲ್ಲಿ ಅದ್ಭುತವೇನೂ ಇರಲಿಲ್ಲ. ಬಿಡುವಿನ ವೇಳೆಯಲ್ಲಿ ಅಂಗಳದಲ್ಲಿ ಸಾಕಷ್ಟು ಮಂದಿ ಹಿರಿಯರು ಇರುವುದು, ಪೀಡನೆಯ ಬಗ್ಗೆ ತರಗತಿಯಲ್ಲಿ ಮಕ್ಕಳೊಡನೆ ಸೇರಿ ನಿಯಮಗಳನ್ನು ಮಾಡುವುದು, ತಪ್ಪದೆ ತರಗತಿಯ ಸಭೆ ನಡೆಸುವುದು, ಪೀಡಕ ಮತ್ತು ಪೀಡಿತರೊಡನೆ ಪ್ರತ್ಯೇಕವಾಗಿಯೂ ಅವರ ತಂದೆತಾಯಿಗಳೊಡನೆಯೂ ಗಂಭೀರವಾಗಿ ಮಾತನಾಡುವುದು, ಇಷ್ಟೇ. 20 ತಿಂಗಳುಗಳಲ್ಲಿ ಪೀಡನೆಯ ಪ್ರಮಾಣ ಅರ್ಧಕ್ಕೆ ಅಥವಾ ಅದಕ್ಕಿಂತ ಕೆಳಗೆ ಇಳಿಯಿತು. ಆದರೆ ಅದೇ ಆಂದೋಲನವನ್ನು ರೋಗಲಾಂಡ್ ಪ್ರಾಂತದಲ್ಲಿ ಮೂರು ವರ್ಷಗಳ ಬಳಿಕ ಪರಿಶೀಲಿಸಿದ ಎರ್ಲಿಂಗ್ ರೋಲಾಂಡನಿಗೆ ಅಂತಹ ಇಳಿಕೆ ಕಾಣಲಿಲ್ಲ. ಎರಡೂ ಕಡೆ ಶಿಕ್ಷಕರಿಗೆ ಸಿಕ್ಕಿದುದು ಅದೇ 32 ಪುಟಗಳ ಕೈಪಿಡಿ, ಪೋಷಕರಿಗೆ ಸಿಕ್ಕಿದುದು ಅದೇ 4 ಪುಟಗಳ ಕರಪತ್ರ, ತೋರಿಸಿದುದು ಅದೇ 25 ನಿಮಿಷಗಳ ವಿಡಿಯೋ ಕ್ಯಾಸೆಟ್. ಬೆರ್ಗೆನ್ನಿನಲ್ಲಿ ಸಂಶೋಧಕರು ಶಾಲೆಗಳಿಗೆ ಮರಳಿ ಹೋಗಿ, ಆ ಶಾಲೆಯದೇ ಅಂಕೆಗಳನ್ನು ಶಿಕ್ಷಕರ ಮುಂದಿಟ್ಟು ಚರ್ಚಿಸಿದ್ದರು. ರೋಗಲಾಂಡಿನಲ್ಲಿ ಶಾಲೆಗಳನ್ನು ಅವುಗಳ ಪಾಡಿಗೆ ಬಿಡಲಾಗಿತ್ತು. ಆದರೂ ಮನಸ್ಸಿಟ್ಟು ಕೆಲಸ ಮಾಡಿದ ಶಾಲೆಗಳ ಫಲ ಅಲ್ಲಿಯೂ ಉಳಿದವುಗಳಿಗಿಂತ ಮೇಲಾಗಿತ್ತು.

ಭಾರತದಲ್ಲಿ ಕಾನೂನಿನ ದೃಷ್ಟಿ ಮೊದಲು ಬಿದ್ದುದು ಕಾಲೇಜುಗಳ ರ‍್ಯಾಗಿಂಗ್ ಮೇಲೆ, ಬಳಿಕ ಗುರುಗಳ ಬೆತ್ತದ ಮೇಲೆ. 1983ರ ಕರ್ನಾಟಕ ಶಿಕ್ಷಣ ಕಾಯ್ದೆಯು ರ‍್ಯಾಗಿಂಗನ್ನು ಅಪರಾಧವೆಂದು ಹೇಳಿತು. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೆಯ ಪ್ರಕರಣವು ಮಕ್ಕಳಿಗೆ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿತು. ಚಿಕ್ಕ ಮಕ್ಕಳು ಪರಸ್ಪರ ಕೊಡುವ ಪೀಡನೆಯ ಬಗ್ಗೆ ಕೇಂದ್ರೀಯ ಪ್ರೌಢ ಶಿಕ್ಷಣ ಮಂಡಳಿಯು ತನ್ನ ಶಾಲೆಗಳಿಗೆ ವಿವರವಾದ ಮಾರ್ಗಸೂಚಿ ಕಳುಹಿಸಿ, ಪ್ರತ್ಯೇಕ ಸಮಿತಿಗಳನ್ನು ರಚಿಸುವಂತೆ ತಿಳಿಸಿದುದು 2015ರಲ್ಲಿ. ಈಚೆಗೆ ಎಲ್ಲ ದೋಷವನ್ನೂ ಮೊಬೈಲ್ ಫೋನಿನ ಮೇಲೆ ಹೊರಿಸುವ ಪರಿಪಾಠ ಬೆಳೆದಿದೆ. ಫೋನಿನಲ್ಲಿ ಪೀಡಿತರಾದ ಮಕ್ಕಳಲ್ಲಿ ಬಹುಪಾಲು ಜನ ತರಗತಿಯಲ್ಲಿಯೂ ಪೀಡಿತರೇ ಎಂದು ಓಲ್ವೇಯುಸ್ 2012ರಲ್ಲಿ ತೋರಿಸಿಕೊಟ್ಟನು. ಫೋನನ್ನು ಕಸಿದುಕೊಂಡ ಮಾತ್ರಕ್ಕೆ ಅಂಗಳದ ಕಥೆ ಮುಗಿಯುವುದಿಲ್ಲ.

ದೊಡ್ಡವರಾದ ಮೇಲೆ ಸರಿಹೋಗುತ್ತದೆ ಎಂಬ ಮೊದಲ ಮಾತು ಉಳಿದಿದೆ. ಪೀಡಕರ ಮಟ್ಟಿಗೆ ಓಲ್ವೇಯುಸ್ ಕೊಟ್ಟ ಉತ್ತರ ಹೀಗಿದೆ: 6ರಿಂದ 9ನೆಯ ತರಗತಿಯ ಅವಧಿಯಲ್ಲಿ ಪೀಡಕರೆಂದು ಗುರುತಿಸಲ್ಪಟ್ಟ ಸ್ವೀಡನ್ನಿನ ಬಾಲಕರಲ್ಲಿ ಶೇ. 60ರಷ್ಟು ಮಂದಿ 24ನೆಯ ವಯಸ್ಸಿನೊಳಗೆ ಒಮ್ಮೆಯಾದರೂ ನ್ಯಾಯಾಲಯದಲ್ಲಿ ಶಿಕ್ಷೆಗೆ ಗುರಿಯಾಗಿದ್ದರು. ಪೀಡಿತರ ಮಟ್ಟಿಗೆ ಉತ್ತರ ಬಂದುದು ಇಂಗ್ಲೆಂಡಿನಿಂದ. ಬ್ರಿಟನ್ನಿನಲ್ಲಿ 1958ರ ಒಂದು ವಾರದಲ್ಲಿ ಹುಟ್ಟಿದ ಮಕ್ಕಳನ್ನು ಜೀವನಪೂರ್ತಿ ಅನುಸರಿಸುವ ಒಂದು ಯೋಜನೆಯಿದೆ. ಆ ಮಕ್ಕಳಿಗೆ 7 ವರ್ಷವಾಗಿದ್ದಾಗ ಮತ್ತು 11 ವರ್ಷವಾಗಿದ್ದಾಗ, ನಿಮ್ಮ ಮಗುವನ್ನು ಇತರ ಮಕ್ಕಳು ಪೀಡಿಸುತ್ತಾರೆಯೇ ಎಂದು ಪೋಷಕರನ್ನು ಕೇಳಲಾಗಿತ್ತು. ಎರಡನೆಯ ಸಲ ಕೇಳಿದುದು 1969ರಲ್ಲಿ, ಹೈನೆಮನ್ನನ ಲೇಖನ ಪ್ರಕಟವಾದ ವರ್ಷ. ಶೇ. 28ರಷ್ಟು ಪೋಷಕರು ಆಗಾಗ ಎಂದೂ, ಶೇ. 15ರಷ್ಟು ಪೋಷಕರು ಪದೇ ಪದೇ ಎಂದೂ ಉತ್ತರಿಸಿದ್ದರು. ಅವರಲ್ಲಿ 7,771 ಜನರ ವಿವರಗಳನ್ನು ಲಂಡನ್ನಿನ ಸಂಶೋಧಕರು ಪರಿಶೀಲಿಸಿ 2014ರಲ್ಲಿ ಪ್ರಕಟಿಸಿದರು. ಬಾಲ್ಯದಲ್ಲಿ ಪದೇ ಪದೇ ಪೀಡನೆಗೆ ಒಳಗಾಗಿದ್ದವರಲ್ಲಿ, ನಡುವಯಸ್ಸಿಗೆ ಬಂದಾಗಲೂ, ಖಿನ್ನತೆ ಮತ್ತು ಆತಂಕದ ಪ್ರಮಾಣ ಇತರರಿಗಿಂತ ಹೆಚ್ಚಾಗಿತ್ತು. ಅವರಿಗೆ ಕಷ್ಟಕಾಲದಲ್ಲಿ ನೆರವಾಗುವ ಬಂಧುಮಿತ್ರರು ಕಡಿಮೆಯಿದ್ದರು. ತಮ್ಮ ಜೀವನದ ಬಗ್ಗೆ ಅವರ ಸಮಾಧಾನವೂ ಕಡಿಮೆಯಿದ್ದಿತು.